ಗುಂಡಿ ಒತ್ತುವ ಮೊದಲು ಗುಂಡಿ ನೋಡಿ

ಫೋರ್ ಬೈ ಫೋರ್ ಎಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿ ಎಂದು ಮಾರುವವರು ಹೇಳುತ್ತಾರೆ, ಕೊಂಡವರೂ ನಂಬುತ್ತಾರೆ. ಆಷಾಢದ ಮಳೆಯಲ್ಲಿ ಕಾಫಿ ತೋಟದ ಏರುದಾರಿಯೊಂದರಲ್ಲಿ ಸಿಕ್ಕಿಬಿದ್ದ ಜೀಪನ್ನು ಕೆಳಗಿಳಿದು ನೋಡಿದರೆ ಆ ಮಾತು ಅರ್ಧ ಮಾತ್ರ ನಿಜ ಎಂದು ತಿಳಿಯುತ್ತದೆ. ಮುಂದಿನ ಎಡಚಕ್ರ ಗಾಳಿಯಲ್ಲಿ ಗಿರಗಿರ ತಿರುಗುತ್ತಿರುತ್ತದೆ. ಹಿಂದಿನ ಬಲಚಕ್ರ ಕೆಸರನ್ನು ಹತ್ತಡಿ ದೂರಕ್ಕೆ ಎರಚುತ್ತಿರುತ್ತದೆ. ಗಟ್ಟಿ ನೆಲದ ಮೇಲೆ ಭದ್ರವಾಗಿ ಕೂತಿರುವ ಉಳಿದೆರಡು ಚಕ್ರಗಳು ಅಲ್ಲಾಡುವುದೇ ಇಲ್ಲ. ಎಳೆಯಬಲ್ಲವು ಸುಮ್ಮನಿವೆ, ಎಳೆಯಲಾಗದವು ದುಡಿಯುತ್ತಿವೆ. ಡ್ರೈವರ್ ಆಕ್ಸಿಲರೇಟರ್ ಒತ್ತಿದಷ್ಟೂ ಈ ಅನ್ಯಾಯ ಹೆಚ್ಚುತ್ತದೆಯೇ ಹೊರತು ಗಾಡಿ ಮುಂದೆ ಹೋಗುವುದಿಲ್ಲ.

ಈ ಅನ್ಯಾಯಕ್ಕೆ ಕಾರಣ ಡಿಫರೆನ್ಷಿಯಲ್. ಮೆಕ್ಯಾನಿಕ್‌ಗಳು 'ಹೌಸಿಂಗ್' ಎಂದು ಕರೆಯುವ, ಎರಡು ಹಿಂಚಕ್ರಗಳ ನಡುವೆ ಉಬ್ಬಿಕೊಂಡಿರುವ ಆ ಗುಂಡನೆಯ ಭಾಗದೊಳಗೆ ಕೂತಿರುವ ನಾಲ್ಕಾರು ಹಲ್ಲುಚಕ್ರಗಳ ಗುಂಪು. ಅದಕ್ಕೆ ಬೀಗ ಹಾಕುವ ಸೌಲಭ್ಯವೇ ಡಿಫ್ ಲಾಕ್. ಹಿಂದೆ ಟ್ರ್ಯಾಕ್ಟರ್ ಮತ್ತು ಟಿಪ್ಪರ್ ಓಡಿಸುವವರಿಗಷ್ಟೇ ಗೊತ್ತಿದ್ದ ಈ ಸಾಮಾನು ಈಗ ಬೆಂಗಳೂರಿನಿಂದ ವಾರಾಂತ್ಯಕ್ಕೆ ಸಕಲೇಶಪುರದ ಕಡೆ ಹೊರಡುವ ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ ಗುಂಡಿಯಾಗಿ ಬಂದು ಕೂತಿದೆ. ಗುಂಡಿ ಇದ್ದ ಮೇಲೆ ಒತ್ತಬೇಕೆನಿಸುವುದು ಸಹಜ. ಯಾವಾಗ ಒತ್ತಬೇಕು ಎಂಬುದಕ್ಕಿಂತ ಯಾವಾಗ ಒತ್ತಬಾರದು ಎಂಬುದೇ ದೊಡ್ಡ ಪಾಠ. ಆದರೆ ಎರಡೂ ಒಂದೇ ಪ್ರಶ್ನೆಯಿಂದ ಹುಟ್ಟುತ್ತವೆ. ಅದಕ್ಕೆ ಬರುವ ಮುನ್ನ ಈ ಹಲ್ಲುಚಕ್ರಗಳು ಅಲ್ಲಿ ಏಕೆ ಬಂದವು ಎಂದು ನೋಡೋಣ.

ಗಾಡಿ ತಿರುಗುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಹೋಗಬೇಕು. ಎಷ್ಟು ಹೆಚ್ಚು? ಎಡಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿರುವ ಗಾಡಿ ಒಂದು ಪೂರ್ತಿ ಸುತ್ತು ಹೊಡೆದರೆ ವ್ಯತ್ಯಾಸ ಸುಮಾರು 9.4 ಮೀಟರ್. ಸುತ್ತು ದೊಡ್ಡದಿರಲಿ ಚಿಕ್ಕದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನೇ ತೆಗೆದುಕೊಳ್ಳಿ. ಒಂದೊಂದೂ ಅರ್ಧ ಸುತ್ತು ಎಂದಿಟ್ಟುಕೊಂಡರೆ ಪ್ರತಿ ತಿರುವಿನಲ್ಲೂ ಹೊರಚಕ್ರ ಒಳಚಕ್ರಕ್ಕಿಂತ 4.7 ಮೀಟರ್ ಹೆಚ್ಚು ಓಡುತ್ತದೆ. ಎರಡನ್ನೂ ಒಂದೇ ಸರಳಿಗೆ ಬಿಗಿದಿದ್ದರೆ ಯಾವುದಾದರೂ ಒಂದು ಟೈರ್ ಅಷ್ಟು ದೂರ ಟಾರಿನ ಮೇಲೆ ಉಜ್ಜಿಕೊಂಡೇ ಹೋಗಬೇಕಿತ್ತು. 1820ರ ದಶಕದಲ್ಲಿ ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬ ಗಡಿಯಾರ ತಯಾರಕ ಉಗಿಗಾಡಿಯೊಂದಕ್ಕೆ ಡಿಫರೆನ್ಷಿಯಲ್ ರೂಪಿಸಿ ಪೇಟೆಂಟ್ ಪಡೆದ. ಪೆಟ್ರೋಲ್ ಕಾರು ಹುಟ್ಟಲು ಆಗಿನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಸಮಯವಿತ್ತು.

ವೇಗವನ್ನು ಬೇಕಾದಂತೆ ಹಂಚಿಕೊಳ್ಳಲು ಬಿಡುವ ಈ ಯಂತ್ರ ಬಲದ ವಿಷಯದಲ್ಲಿ ಮಾತ್ರ ಭಾರೀ ಕಟ್ಟುನಿಟ್ಟು. ಎರಡೂ ಚಕ್ರಗಳಿಗೆ ಸಮಸಮ ತಿರುಚುಬಲ ಕೊಡುತ್ತದೆ, ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಎಂಬುದಿಲ್ಲ. 'ಡಿಫರೆನ್ಷಿಯಲ್ ಎಲ್ಲ ಬಲವನ್ನೂ ಜಾರುವ ಚಕ್ರಕ್ಕೇ ಕಳಿಸುತ್ತದೆ' ಎಂದು ಅನೇಕರು ವಿವರಿಸುತ್ತಾರೆ. ಅದು ತಪ್ಪು. ಇದು ತಕ್ಕಡಿಯಿದ್ದಂತೆ: ಒಂದು ತಟ್ಟೆಯಲ್ಲಿ ಎಷ್ಟು ನಿಲ್ಲುತ್ತದೆಯೋ ಇನ್ನೊಂದರಲ್ಲೂ ಅಷ್ಟೇ. ಕೆಸರಿನಲ್ಲಿರುವ ಚಕ್ರ 300 ನ್ಯೂಟನ್ ಮೀಟರ್‌ಗೇ ಜಾರಿಬಿಡುತ್ತದೆ ಎನ್ನೋಣ. ಕಲ್ಲಿನ ಮೇಲಿರುವ ಅದರ ಜೋಡಿ 2000 ತಾಳಬಲ್ಲದು. ಆದರೂ ಅದಕ್ಕೆ ಸಿಗುವುದು 300 ಮಾತ್ರ. ಒಟ್ಟು 600. ಗಾಡಿ ಏರಲು 1500 ಬೇಕಿದ್ದರೆ ಅಲ್ಲೇ ನಿಂತಿತು. ಗಾಳಿಯಲ್ಲಿರುವ ಚಕ್ರ ತಾಳುವುದು ಹೆಚ್ಚುಕಡಿಮೆ ಸೊನ್ನೆ, ಆದ್ದರಿಂದ ಅದರ ಜೋಡಿಗೂ ಸೊನ್ನೆ.

ಲಾಕ್ ಮಾಡಿದಾಗ ಆಗುವುದಿಷ್ಟು. ಎರಡೂ ಚಕ್ರಗಳು ಒಂದೇ ವೇಗದಲ್ಲಿ ತಿರುಗಲೇಬೇಕು, ಬಲ ಮಾತ್ರ ಯಾರಿಗೆ ಹಿಡಿತವಿದೆಯೋ ಅವರಿಗೆ ಹೋಗುತ್ತದೆ. ಮೇಲಿನ ಉದಾಹರಣೆಯಲ್ಲಿ 300 ಜೊತೆಗೆ 2000, ಒಟ್ಟು 2300. ಗಾಡಿ ಏರಿತು.

ಈ ಅಂಕಗಣಿತದಲ್ಲೇ ಉತ್ತರವಿದೆ. ಒಂದೇ ಆಕ್ಸಲ್‌ನ ಎರಡು ಚಕ್ರಗಳ ಹಿಡಿತದಲ್ಲಿ ದೊಡ್ಡ ವ್ಯತ್ಯಾಸವಿದ್ದಾಗ ಮಾತ್ರ ಲಾಕ್‌ಗೆ ಕೆಲಸ. ಎರಡಕ್ಕೂ ಒಳ್ಳೆಯ ಹಿಡಿತವಿದ್ದರೆ ಅದರಿಂದ ಹಾನಿ. ಎರಡಕ್ಕೂ ಹಿಡಿತವೇ ಇಲ್ಲದಿದ್ದರೆ 300 ಜೊತೆ 300 ಸೇರಿ ಮತ್ತೆ ಅದೇ 600. ಹಾಗಾಗಿ ಗುಂಡಿಗೆ ಬೆರಳಿಡುವ ಮೊದಲು ಕೇಳಿಕೊಳ್ಳಬೇಕಾದದ್ದು 'ದಾರಿ ಎಷ್ಟು ಕಷ್ಟವಿದೆ' ಎಂದಲ್ಲ. 'ಈ ಜೋಡಿಯಲ್ಲಿ ಒಂದಾದರೂ ಗಟ್ಟಿ ನೆಲದ ಮೇಲಿರುತ್ತದೆಯೇ' ಎಂದು. ಕಷ್ಟದ ದಾರಿಗಳಲ್ಲಿ ಅರ್ಧಕ್ಕರ್ಧ ಈ ಪ್ರಶ್ನೆಗೆ 'ಇಲ್ಲ' ಎನ್ನುತ್ತವೆ ಎಂಬುದು ನನ್ನ ಅಂದಾಜು.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡಬೇಕು. ಫೋರ್ ವೀಲ್ ಲಿವರ್ ಎಳೆದಾಗ ಹೆಚ್ಚಿನ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿಯುತ್ತವೆ. ಅದು ಹಿಂದುಮುಂದಿನ ಬಂಧ, ಎಡಬಲದ್ದಲ್ಲ. ಹಳೆಯ ಜೀಪುಗಳ ಮುಂಚಕ್ರದ ನಡುವೆ ಕೈಯಿಂದ ತಿರುಗಿಸುವ ಹಬ್ ಲಾಕ್ ಕೂಡ ಬೇರೆಯೇ: ಅದು ಮುಂಚಕ್ರವನ್ನು ಅದರ ಶಾಫ್ಟಿಗೆ ಜೋಡಿಸುತ್ತದೆ, ಅಷ್ಟೇ. ಹಬ್ ಲಾಕ್ ಹಾಕಿ, ಫೋರ್ ವೀಲ್ ಹಾಕಿ, ಲೋ ಗೇರಿಗೂ ಹಾಕಿದ ಮೇಲೂ ಮುಂದಿನ, ಹಿಂದಿನ ಎರಡೂ ಡಿಫರೆನ್ಷಿಯಲ್‌ಗಳು ತೆರೆದೇ ಇರುತ್ತವೆ. ಆದ್ದರಿಂದಲೇ ಕರ್ಣಾಕಾರವಾಗಿ ಎದುರಾಬದುರಾ ಇರುವ ಎರಡು ಚಕ್ರಗಳು ಹಿಡಿತ ಕಳೆದುಕೊಂಡ ಕೂಡಲೇ ಫೋರ್ ಬೈ ಫೋರ್ ಗಾಡಿ ನಿಂತುಬಿಡುತ್ತದೆ. ಹಿಂದಿನ ಡಿಫ್ ಲಾಕ್ ಆದರೆ ಎಳೆಯಬಲ್ಲ ಚಕ್ರಗಳು ಮೂರಾದವು ಎನ್ನಬಹುದು. ಮುಂದಿನದೂ ಲಾಕ್ ಆದರಷ್ಟೇ ನಾಲ್ಕು.

ಲಾಕ್‌ಗಳಲ್ಲೂ ಜಾತಿಗಳಿವೆ, ಜಾತಿಗೆ ತಕ್ಕಂತೆ ಬಳಸುವ ಸಮಯವೂ ಬದಲಾಗುತ್ತದೆ. ಪುಣೆಯ ಫೋರ್ಸ್ ಕಂಪನಿಯ ಗೂರ್ಖಾದಲ್ಲಿ ಹಿಂದೆ ಮುಂದೆ ಎರಡಕ್ಕೂ ಡ್ರೈವರ್ ತಾನೇ ಎಳೆಯುವ ಲಿವರ್‌ಗಳಿವೆ. ಟೊಯೋಟಾ ಹೈಲಕ್ಸ್‌ನಲ್ಲಿ, 2024ರಲ್ಲಿ ಬಂದ ಥಾರ್ ರಾಕ್ಸ್‌ನ ಫೋರ್ ಬೈ ಫೋರ್ ಆವೃತ್ತಿಗಳಲ್ಲಿ ಹಿಂದಿನದಕ್ಕೆ ವಿದ್ಯುತ್ ಲಾಕ್ ಇದೆ. ಆಸ್ಟ್ರೇಲಿಯಾದ ಎಆರ್‌ಬಿಯವರ ಏರ್ ಲಾಕರ್ ಅನ್ನು ಹೊರಗಿನಿಂದ ಕೂರಿಸಿಕೊಳ್ಳುವವರೂ ಇದ್ದಾರೆ. ಅದಕ್ಕೆ ಗಾಳಿ ತುಂಬಲು ಸಣ್ಣದೊಂದು ಕಂಪ್ರೆಸರ್ ಬೇಕು. ಇವೆಲ್ಲ ಡ್ರೈವರ್ ಹೇಳಿದಾಗ ಹಾಕಿಕೊಂಡು, ಬೇಡವೆಂದಾಗ ಬಿಡುವಂಥವು.

2020ರ ಥಾರ್‌ನ ಕೆಲವು ಆವೃತ್ತಿಗಳಲ್ಲಿರುವ ಮೆಕ್ಯಾನಿಕಲ್ ಲಾಕ್ ಹಾಗಲ್ಲ. ಅದಕ್ಕೆ ಗುಂಡಿಯೇ ಇಲ್ಲ. ಎರಡು ಹಿಂಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಒಳಗಿನ ಸಣ್ಣ ತೂಕಗಳು ಹೊರಚಾಚಿ ಕೊಂಡಿ ಹಾಕಿಕೊಳ್ಳುತ್ತವೆ, ಚಕ್ರಗಳು 'ಠಣ್' ಎಂದು ಬಿಗಿಯುತ್ತವೆ. ಗಂಟೆಗೆ ಮೂವತ್ತು ಕಿಲೋಮೀಟರಿನ ಆಚೆ ಅದು ಕೆಲಸ ಮಾಡುವುದಿಲ್ಲ. ಇದರ ಮಾಲೀಕರು ಒಂದು ತಿಳಿದಿರಬೇಕು. ಚಕ್ರ ಜಾರಿದ ಕೂಡಲೇ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಲಾಕ್ ಆಗುವ ಮೊದಲೇ ಅದರ ಅವಕಾಶ ಮುಗಿದಿರುತ್ತದೆ. ಅರ್ಧ ಕ್ಷಣ ತಾಳ್ಮೆಯಿಂದ ಕಾಲು ಹಾಗೇ ಇಡಬೇಕು. ಲಾಕ್ ಆದ ಶಬ್ದ ಬಂದ ಮೇಲೆ ಮತ್ತೆ ಮೆಲ್ಲಗೆ. ಇನ್ನು 2023ರಲ್ಲಿ ಇಲ್ಲಿಗೆ ಬಂದ ಜಿಮ್ನಿಯಲ್ಲಿರುವುದು ಲಾಕೇ ಅಲ್ಲ, ಬ್ರೇಕಿನ ಉಪಾಯ. ಜಾರುವ ಚಕ್ರಕ್ಕೆ ಕಂಪ್ಯೂಟರ್ ಬ್ರೇಕ್ ಹಾಕುತ್ತದೆ, ತಕ್ಕಡಿಯ ಖಾಲಿ ತಟ್ಟೆಗೆ ಕೃತಕವಾಗಿ ಭಾರ ಹಾಕಿದಂತೆ. ಆಗ ಇನ್ನೊಂದು ಚಕ್ರಕ್ಕೂ ಅಷ್ಟೇ ಬಲ ದೊರೆಯುತ್ತದೆ. ಜಾಣ ಉಪಾಯವೇ. ಆದರೆ ಚಕ್ರ ಜಾರಿದ ಮೇಲಷ್ಟೇ ಅದಕ್ಕೆ ಎಚ್ಚರವಾಗುತ್ತದೆ. ಉದ್ದ ಏರಿನಲ್ಲಿ ಬ್ರೇಕ್ ಕಾಯುತ್ತದೆ, ಎಂಜಿನ್‌ನ ಒಂದಷ್ಟು ಶಕ್ತಿ ತನ್ನದೇ ಬ್ರೇಕಿನ ವಿರುದ್ಧ ಹೋರಾಡುವುದರಲ್ಲಿ ಕಳೆದುಹೋಗುತ್ತದೆ.

ಬ್ರೇಕಿನ ಮಾತು ಬಂದಾಗ ನೆನಪಾಗುವುದು ಜೀಪ್ ಸ್ಟ್ಯಾಂಡುಗಳಲ್ಲಿ ಕೇಳಿಬರುವ ಸಲಹೆ: 'ಲಾಕ್ ಇಲ್ಲದಿದ್ದರೆ ಹ್ಯಾಂಡ್‌ಬ್ರೇಕನ್ನು ಎರಡು ಹಲ್ಲು ಎಳೆದು ಆಕ್ಸಿಲರೇಟರ್ ಕೊಡಿ.' ಲೆಕ್ಕ ಇದನ್ನು ಒಪ್ಪುವುದಿಲ್ಲ. ಹ್ಯಾಂಡ್‌ಬ್ರೇಕ್ ಎರಡೂ ಹಿಂಚಕ್ರಗಳನ್ನು ಒಂದೇ ಸಮನಾಗಿ ಹಿಡಿಯುತ್ತದೆ. ಜಾರುವ ಚಕ್ರವನ್ನು 200ರಷ್ಟು ಹಿಡಿದರೆ ಜೋಡಿಗೆ 200 ಹೆಚ್ಚು ಬರುತ್ತದೆ ನಿಜ, ಅದೇ ಬ್ರೇಕ್ ಅಲ್ಲಿಯೂ ಆ 200ನ್ನು ತಿಂದುಹಾಕುತ್ತದೆ. ಉಳಿಯುವ ಲಾಭವೆಂದರೆ ಹುಚ್ಚಾಪಟ್ಟೆ ತಿರುಗುತ್ತಿದ್ದ ಚಕ್ರ ನಿಧಾನವಾಗುವುದು. ನಿಧಾನಕ್ಕೆ ತಿರುಗುವ ಟೈರ್ ಕೆಲವೊಮ್ಮೆ ನೆಲ ಕಚ್ಚುತ್ತದೆ. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಂತೂ ಹ್ಯಾಂಡ್‌ಬ್ರೇಕ್ ಇರುವುದೇ ಎಂಜಿನ್ ಬಲವನ್ನು ಡಿಫರೆನ್ಷಿಯಲ್‌ಗೆ ತರುವ ಪ್ರೊಪೆಲ್ಲರ್ ಶಾಫ್ಟಿನ ಮೇಲೆ, ಅಲ್ಲಿ ಆ ಲಾಭವೂ ಸಂಶಯ. ಟ್ರ್ಯಾಕ್ಟರಿನ ವಿಷಯ ಬೇರೆ. ಎಡಚಕ್ರಕ್ಕೊಂದು ಬಲಚಕ್ರಕ್ಕೊಂದು ಬ್ರೇಕ್ ಪೆಡಲ್ ಇರುವುದರಿಂದ ಜಾರುವ ಒಂದನ್ನೇ ಹಿಡಿಯಬಹುದು. ಜಿಮ್ನಿಯ ಕಂಪ್ಯೂಟರ್ ಮಾಡುವ ಕೆಲಸವನ್ನು ಮಂಡ್ಯದ ಗದ್ದೆಗಳಲ್ಲಿ ಬಲಗಾಲು ಎಂದಿನಿಂದಲೋ ಮಾಡುತ್ತಿದೆ.

ಈಗ ಆ ಏರುದಾರಿಗೇ ಹೋಗೋಣ. ಮಲೆನಾಡಿನ ತೋಟದ ರಸ್ತೆಗಳಲ್ಲೂ, ಕಟ್ಟಿನಹೊಳೆಯಿಂದ ಕೊಡಚಾದ್ರಿಗೆ ಹತ್ತುವ ಜೀಪಿನ ದಾರಿಯಲ್ಲೂ, ಮಡಿಕೇರಿ ಬಳಿಯ ಮಾಂದಲಪಟ್ಟಿಯ ದಾರಿಯಲ್ಲೂ ಲಾಕ್‌ಗೆ ಹೇಳಿ ಮಾಡಿಸಿದಂಥ ಜಾಗ ಎಂದರೆ ಕೊರಕಲು. ಮೇಲಿನಿಂದ ಇಳಿಯುವ ಮಳೆನೀರು ರಸ್ತೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಓರೆಯಾಗಿ ಹಾಯುತ್ತದೆ, ಹೋಗುತ್ತ ಮಣ್ಣು ಕೊರೆಯುತ್ತದೆ. ಈ ಓರೆಯೇ ತೊಂದರೆ. ನೇರ ಅಡ್ಡವಾಗಿದ್ದರೆ ಎರಡೂ ಮುಂಚಕ್ರಗಳು ಒಟ್ಟಿಗೆ ಇಳಿದು ಒಟ್ಟಿಗೆ ಹತ್ತುತ್ತಿದ್ದವು. ಓರೆಯಾದ್ದರಿಂದ ಮುಂದಿನ ಒಂದು ಚಕ್ರ ಇಳಿಯುವಾಗ ಹಿಂದಿನ ಎದುರು ಬದಿಯದು ಮೇಲೇಳುತ್ತದೆ. ಸಸ್ಪೆನ್ಷನ್ ಚಾಚುವಷ್ಟು ಚಾಚಿ ಮುಗಿದ ಮೇಲೆ ಚಕ್ರ ನೆಲ ಬಿಡುತ್ತದೆ. ಗಾಳಿಯಲ್ಲಿರುವುದರ ಜೋಡಿ ಮಾತ್ರ ಇಡೀ ಆಕ್ಸಲ್‌ನ ಭಾರ ಹೊತ್ತು ಗಟ್ಟಿ ಜಂಬಿಟ್ಟಿಗೆಯ ಮೇಲೆ ಒತ್ತಿ ಕೂತಿರುತ್ತದೆ. ಒಂದಕ್ಕೆ ಸೊನ್ನೆ, ಇನ್ನೊಂದಕ್ಕೆ ಎಂದಿಗಿಂತ ಹೆಚ್ಚು ಹಿಡಿತ. ಲಾಕ್‌ಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಆದರೆ ಲಾಕ್ ಹಾಕಬೇಕಾದದ್ದು ಕೊರಕಲಿನ ಈಚೆ ದಂಡೆಯಲ್ಲಿ, ಗಾಡಿ ಇನ್ನೂ ಸಮತಟ್ಟಾಗಿ ನಿಂತಿರುವಾಗ. ಇಳಿದು ನಡೆದು ನೋಡಬೇಕು, ಬೂಟಿನ ಹಿಮ್ಮಡಿಯಿಂದ ಮಣ್ಣು ಒತ್ತಿ ನೋಡಬೇಕು: ಯಾವ ಚಕ್ರ ಎಲ್ಲಿ ಬರುತ್ತದೆ, ಯಾವುದು ಏಳುತ್ತದೆ, ಉಳಿದದ್ದು ಕೂರುವ ಜಾಗ ಕಲ್ಲೋ ಕೆಸರೋ. ಮಳೆಯಲ್ಲಿ ಇಳಿಯಲು ಬೇಸರವಾಗುತ್ತದೆ, ಕಾಲಿಗೆ ಇಂಬಳ ಹತ್ತುತ್ತದೆ, ಒಪ್ಪಿದೆ. ಆದರೂ ಸೀಟಿನಲ್ಲಿ ಕೂತು ಬಾನೆಟ್ಟಿನ ಮೇಲಿಂದ ಕಾಣುವುದು ಆಕಾಶ ಮಾತ್ರ. ನೋಡಿ ಬಂದ ಮೇಲೆ ಲೋ ರೇಂಜ್, ಮೊದಲನೇ ಅಥವಾ ಎರಡನೇ ಗೇರ್, ನಿಂತಲ್ಲೇ ಲಾಕ್. ವಿದ್ಯುತ್ ಲಾಕ್‌ಗಳು ಒಂದೆರಡು ಅಡಿ ತೆವಳಿದ ಮೇಲಷ್ಟೇ ಹಲ್ಲಿಗೆ ಹಲ್ಲು ಕೂತು ಬಿಗಿಯುತ್ತವೆ. ದೀಪ ಮಿನುಗುವುದು ನಿಂತು ಸ್ಥಿರವಾಗಿ ಉರಿಯುವವರೆಗೂ ಕಾಯಬೇಕು. ಆಮೇಲೆ ಎಂಜಿನ್ ಐಡಲ್‌ಗಿಂತ ತುಸು ಮೇಲೆ ಇಟ್ಟುಕೊಂಡು, ಸ್ಟೀರಿಂಗ್ ಆದಷ್ಟು ನೇರ ಹಿಡಿದು ನಡೆಯುವ ವೇಗದಲ್ಲಿ ದಾಟುವುದು. ಒಂದು ಚಕ್ರ ಗಾಳಿಯಲ್ಲಿ ನಿಧಾನಕ್ಕೆ ತಿರುಗುತ್ತಿದ್ದರೂ ಗಾಡಿ ಏನೂ ಆಗಿಲ್ಲವೆಂಬಂತೆ ಹತ್ತಿಬಿಡುತ್ತದೆ. ಲಾಕ್‌ನ ನಿಜವಾದ ಸುಖ ಅದೇ, ಅದರಲ್ಲಿ ಗದ್ದಲವಿಲ್ಲ. ಎಂಜಿನ್ ಅರಚುತ್ತ ಕೆಸರು ಹಾರುತ್ತಿದ್ದರೆ ಎಲ್ಲೋ ತಪ್ಪಾಗಿದೆ ಎಂದರ್ಥ, ವೀಡಿಯೊಗೆ ಅದು ಎಷ್ಟೇ ಚೆನ್ನಾಗಿರಲಿ.

ಚಕ್ರ ಜೋರಾಗಿ ತಿರುಗುತ್ತಿರುವಾಗಲೇ ಲಾಕ್ ಹಾಕುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ನಿಂತ ಚಕ್ರವನ್ನೂ ಓಡುವ ಚಕ್ರವನ್ನೂ ಕ್ಷಣದಲ್ಲಿ ಬಿಗಿದರೆ ಆ ಹೊಡೆತ ಹಲ್ಲುಗಳ ಮೇಲೆ, ಶಾಫ್ಟಿನ ಮೇಲೆ ಬೀಳುತ್ತದೆ. ಅಷ್ಟೇ ಅಲ್ಲ, ತಿರುಗುತ್ತಿದ್ದ ಚಕ್ರ ಆಗಲೇ ತನ್ನ ಕೆಳಗೊಂದು ಗುಳಿ ತೋಡಿಕೊಂಡಿರುತ್ತದೆ, ಈಗ ಲಾಕ್‌ಗೆ ಮೊದಲಿಗಿಂತ ಹೆಚ್ಚು ಕೆಲಸ. ದಾರಿಯ ಮೇಲೂ ಕರುಣೆ ಇರಲಿ. ಮಳೆಗಾಲದಲ್ಲಿ ಸುಮ್ಮನೆ ತಿರುಗುವ ಪ್ರತಿ ಟೈರ್ ಮುಂದಿನ ಕೊರಕಲಿಗೆ ಮೊದಲ ಗೀರು ಹಾಕುತ್ತದೆ. ತೋಟದವರು ಪ್ರವಾಸಿ ಜೀಪುಗಳನ್ನು ಬೈಯುವುದು ಸುಮ್ಮಸುಮ್ಮನೆ ಅಲ್ಲ.

ಹಸಿ ಕೆಸರಿನ ಕಥೆ ಇಷ್ಟು ಚೊಕ್ಕವಲ್ಲ. ತೆಳುವಾದ ಕೆಸರಿನ ಕೆಳಗೆ ಗಟ್ಟಿ ಮಣ್ಣಿದ್ದರೆ ಲಾಕ್ ಉಪಯೋಗಕ್ಕೆ ಬರುತ್ತದೆ, ಒಂದಲ್ಲ ಒಂದು ಚಕ್ರಕ್ಕೆ ಕೆಳಗಿನ ಗಟ್ಟಿ ಸಿಗುತ್ತಲೇ ಹೋಗುತ್ತದೆ. ನಾಟಿಗೆ ಗದ್ದೆ ಹದಗೊಳಿಸುವಾಗ ಟ್ರ್ಯಾಕ್ಟರ್ ಡ್ರೈವರ್ ಹಿಮ್ಮಡಿಯಿಂದ ಡಿಫ್ ಲಾಕ್ ಪೆಡಲ್ ಒತ್ತುವುದು ಇದೇ ನಂಬಿಕೆಯಲ್ಲಿ. ಬದುವಿನ ಬಳಿ ತಿರುಗಿಸುವ ಮೊದಲು ಕಾಲು ತೆಗೆಯುವುದನ್ನೂ ಅವರು ಮರೆಯುವುದಿಲ್ಲ. ಆಳದ ಕೆಸರಾದರೆ ಎರಡೂ ಚಕ್ರ ಒಟ್ಟಿಗೆ ಅಗೆಯುತ್ತವೆ, ಆಕ್ಸಲ್ ಗುಂಡು ಮಣ್ಣಿಗೆ ಕೂರುತ್ತದೆ. ಧಾರವಾಡ, ಗದಗ ಸೀಮೆಯ ಎರೆ ಭೂಮಿ ಇನ್ನೂ ಹಠಮಾರಿ. ಒದ್ದೆಯಾದ ಎರೆಮಣ್ಣು ಟೈರಿನ ಗೀರುಗಳನ್ನೆಲ್ಲ ತುಂಬಿ ನಾಲ್ಕೂ ಚಕ್ರಗಳನ್ನು ನುಣ್ಣನೆಯ ಉಂಡೆಗಳಾಗಿ ಮಾಡುತ್ತದೆ. ಎಲ್ಲಕ್ಕೂ ಒಂದೇ ಗತಿಯಾದ ಮೇಲೆ ಲಾಕ್ ಏನು ಮಾಡೀತು? ಅಲ್ಲಿನ ರೈತರು ಮಳೆ ಬಿದ್ದ ಮಾರನೇ ದಿನ ಹೊಲದ ದಾರಿಗೆ ಗಾಡಿ ಇಳಿಸುವುದಿಲ್ಲ. ಯಾವ ಲಾಕ್‌ಗಿಂತಲೂ ಆ ಜಾಣತನ ದೊಡ್ಡದು.

ಮಲೆನಾಡಿನ ಹಳೆಯ ಜೀಪುಗಳಲ್ಲಿ ಲಾಕ್ ಇರಲಿಲ್ಲ, ಈಗಲೂ ಹೆಚ್ಚಿನವಕ್ಕಿಲ್ಲ. ಅವನ್ನು ಓಡಿಸುವವರು ಮಳೆಗಾಲಕ್ಕೆ ಟೈರಿಗೆ ಸರಪಳಿ ಕಟ್ಟುತ್ತಾರೆ. ಸಿಕ್ಕಿಬಿದ್ದರೆ ಚಕ್ರದ ಕೆಳಗೆ ಕಲ್ಲು, ಸೊಪ್ಪು, ಅಡಿಕೆ ದಬ್ಬೆ, ಗೋಣಿಚೀಲ ಹಾಕುತ್ತಾರೆ. ಇದನ್ನು ಹಿಂದುಳಿದ ಉಪಾಯ ಎನ್ನುವವರು ಲೆಕ್ಕವನ್ನು ಮತ್ತೊಮ್ಮೆ ನೋಡಬೇಕು. ಜಾರುವ ಚಕ್ರದ 300ನ್ನು 1000ಕ್ಕೆ ಏರಿಸಿದರೆ ತೆರೆದ ಡಿಫರೆನ್ಷಿಯಲ್ ತಾನಾಗಿಯೇ ಜೋಡಿಗೂ 1000 ಕೊಡುತ್ತದೆ. ಒಟ್ಟು 2000. ಲಾಕ್ ಬಲ ಹಂಚುವ ರೀತಿಯನ್ನು ಬದಲಿಸುತ್ತದೆ, ಸರಪಳಿ ಹಿಡಿತವನ್ನೇ ಹೆಚ್ಚಿಸುತ್ತದೆ. ಮರಳಿನಲ್ಲೂ ಹೀಗೆಯೇ. ಅಲ್ಲಿ ಮೊದಲು ಮಾಡಬೇಕಾದದ್ದು ಟೈರಿನ ಗಾಳಿಯನ್ನು 30 ಪಿಎಸ್‌ಐ ಆಸುಪಾಸಿನಿಂದ 18ಕ್ಕೋ ಅದಕ್ಕೂ ಕೆಳಗೋ ಇಳಿಸುವುದು. ನಿಂತಲ್ಲಿಂದ ನೇರ ಹೊರಡುವಾಗ ಲಾಕ್ ಒಂದಿಷ್ಟು ನೆರವಾದೀತು. ತಿರುಗಿಸಲು ಹೋದರೆ ಮುಂಚಕ್ರಗಳು ಮರಳನ್ನು ನೇಗಿಲಿನಂತೆ ಸೀಳುತ್ತ ನೇರಕ್ಕೇ ಹೋಗುತ್ತವೆ.

ಲಾಕ್ ಅಪಾಯಕ್ಕೆ ತಳ್ಳುವ ಜಾಗವೊಂದಿದೆ, ಅದರ ಬಗ್ಗೆ ಗಾಡಿ ಕೊಂಡವರಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಅದು ಪಕ್ಕಕ್ಕೆ ವಾಲಿದ ದಾರಿ. ಗುಡ್ಡದ ಮಗ್ಗುಲಲ್ಲಿ ಕಡಿದ ರಸ್ತೆ, ಒಂದು ಬದಿ ದರೆ, ಇನ್ನೊಂದು ಬದಿ ಪ್ರಪಾತ, ನೆಲ ಪ್ರಪಾತದ ಕಡೆಗೆ ವಾಲಿದೆ, ಮೇಲೆ ಪಾಚಿ ಹಿಡಿದ ಕೆಮ್ಮಣ್ಣು. ಇಂಥಲ್ಲಿ 'ಭದ್ರತೆಗಿರಲಿ' ಎಂದು ಲಾಕ್ ಒತ್ತಬೇಕೆನಿಸುತ್ತದೆ. ಒತ್ತಬಾರದು.

ಟೈರಿಗೆ ಇರುವ ಹಿಡಿತ ಒಂದೇ. ಅದನ್ನೇ ಮುಂದಕ್ಕೆ ತಳ್ಳಲೂ, ಪಕ್ಕಕ್ಕೆ ಜಾರದಂತೆ ತಡೆಯಲೂ ಹಂಚಿಕೊಳ್ಳಬೇಕು. ಗಿರ್ರನೆ ತಿರುಗತೊಡಗಿದ ಟೈರ್ ಪಕ್ಕದ ಹಿಡಿತವನ್ನೂ ಬಹುಪಾಲು ಕಳೆದುಕೊಳ್ಳುತ್ತದೆ. ವಾಲಿದ ನೆಲದಲ್ಲಿ ಭಾರವೆಲ್ಲ ಕೆಳಬದಿಯ ಚಕ್ರದ ಮೇಲೆ, ಮೇಲ್ಬದಿಯದು ಹಗುರ. ಡಿಫರೆನ್ಷಿಯಲ್ ತೆರೆದಿದ್ದರೆ ಜಾರುವುದು ಹಗುರವಾದ ಮೇಲಿನ ಚಕ್ರ ಮಾತ್ರ. ಕೆಳಗಿನದು ತಿರುಗದೆ ನೆಲ ಕಚ್ಚಿ ಗಾಡಿಯ ಹಿಂಭಾಗವನ್ನು ಹಿಡಿದಿರುತ್ತದೆ. ಗಾಡಿ ನಿಲ್ಲುತ್ತದೆ, ಅಷ್ಟೇ. ಲಾಕ್ ಆಗಿದ್ದರೆ ಹಿಡಿತ ತಪ್ಪಿದಾಗ ಎರಡೂ ಒಟ್ಟಿಗೆ ತಿರುಗುತ್ತವೆ, ಹಿಂಭಾಗ ಇಡಿಯಾಗಿ ಇಳಿಜಾರಿನ ಕಡೆ ಸರಿಯುತ್ತದೆ. ಇಂಥಲ್ಲಿ ನಿಲ್ಲುವುದೇ ವರ. ಒಂದು ಚಕ್ರ ಜಾರಿ ಗಾಡಿ ನಿಂತುಹೋಗುವುದನ್ನು ಡಿಫರೆನ್ಷಿಯಲ್‌ನ ದೋಷವೆಂದು ಇಷ್ಟು ಹೊತ್ತು ಬೈದೆವಲ್ಲ, ಇಲ್ಲಿ ಜೀವ ಉಳಿಸುವುದು ಅದೇ ದೋಷ. ವಾಲಿದ ದಾರಿಯಲ್ಲೇ ಕೊರಕಲೂ ಬಂದರೆ? ಆಗ ಲಾಕ್ ಬೇಕೋ ಬೇಡವೋ ಎಂದು ಯೋಚಿಸುವ ಬದಲು ಕೊರಕಲಿಗೆ ಕಲ್ಲು ತುಂಬುವುದು ಒಳ್ಳೆಯದು. ಅರ್ಧ ಗಂಟೆ ಹೋಗುತ್ತದೆ, ಹೋಗಲಿ.

ಇಳಿಜಾರಿನ ವಿಷಯದಲ್ಲಿ ನನಗೆ ಹೆಚ್ಚು ಎಚ್ಚರ. ನೇರವಾದ, ಆದರೆ ಗುಳಿಬಿದ್ದ ಕಡಿದಾದ ಇಳಿತದಲ್ಲಿ ಹಿಂದಿನ ಲಾಕ್‌ಗೆ ಪ್ರಯೋಜನವಿದೆ. ಎಂಜಿನ್ ಗಾಡಿಯನ್ನು ಹಿಡಿದು ನಿಧಾನಿಸುವಾಗಲೂ ಅದೇ ತಕ್ಕಡಿಯ ನಿಯಮ ನಡೆಯುವುದರಿಂದ, ಹಿಂದಿನ ಒಂದು ಚಕ್ರ ನೆಲ ಬಿಟ್ಟರೆ ಆ ಆಕ್ಸಲ್‌ನಲ್ಲಿ ಎಂಜಿನ್ನಿನ ಹಿಡಿತವೂ ಕಳಚಿಹೋಗುತ್ತದೆ. ಲಾಕ್ ಇದ್ದರೆ ಉಳಿದ ಚಕ್ರ ಆ ಕೆಲಸ ಮುಂದುವರಿಸುತ್ತದೆ. ಇಳಿತದ ನಡುವೆ ತಿರುವಿದ್ದರೆ ಮಾತ್ರ ಬೇಡ. ಲಾಕ್ ಆದ ಹಿಂಚಕ್ರಗಳು ಗಾಡಿಯನ್ನು ನೇರಕ್ಕೇ ನೂಕುತ್ತವೆ, ತಿರುವಿನ ಆಚೆ ಏನಿದೆ ಎಂಬುದು ಅವಕ್ಕೆ ಗೊತ್ತಿಲ್ಲ.

ಮುಂದಿನ ಲಾಕ್ ಇನ್ನೂ ಒರಟು. ಸ್ಟೀರಿಂಗ್ ತಿರುಗಿಸುವ ಚಕ್ರಗಳನ್ನೇ ಒಂದೇ ವೇಗಕ್ಕೆ ಬಿಗಿಯುವುದರಿಂದ ಸ್ಟೀರಿಂಗ್ ಕಲ್ಲಿನಂತಾಗುತ್ತದೆ, ಗಾಡಿ ತಿರುಗಲು ಒಪ್ಪುವುದಿಲ್ಲ. ಮುಂದಿನ ಶಾಫ್ಟಿನ ಕೀಲು ಒಡೆಯುವುದು ಬಲವಂತವಾಗಿ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗಲೇ. ಹಿಂದಿನದನ್ನು ಮೊದಲು ಹಾಕಬೇಕು, ಅದರಿಂದ ಆಗದಿದ್ದಾಗ ಮಾತ್ರ ಮುಂದಿನದು, ಅದೂ ನೇರ ಹೋಗುವಾಗ, ಕೆಲವೇ ಅಡಿಗಳ ಮಟ್ಟಿಗೆ.

ಶಾಫ್ಟ್ ಮುರಿಯುವುದು ಸಾಮಾನ್ಯವಾಗಿ ಏಕೆ ಎನ್ನುವುದಕ್ಕೂ ಲೆಕ್ಕವಿದೆ. ಎಂಜಿನ್ 300 ನ್ಯೂಟನ್ ಮೀಟರ್ ಕೊಡುತ್ತದೆ, ಮೊದಲ ಗೇರ್ ಅದನ್ನು ನಾಲ್ಕು ಪಟ್ಟು ಮಾಡುತ್ತದೆ, ಲೋ ರೇಂಜ್ ಎರಡೂವರೆ ಪಟ್ಟು, ಕ್ರೌನ್ ಪಿನಿಯನ್ ಮತ್ತೆ ನಾಲ್ಕು ಪಟ್ಟು ಎಂದಿಟ್ಟುಕೊಳ್ಳಿ. ಗುಣಿಸಿದರೆ 12,000. ತೆರೆದ ಡಿಫರೆನ್ಷಿಯಲ್‌ನಲ್ಲಿ ಒಂದು ಶಾಫ್ಟಿಗೆ ಆಕ್ಸಲ್‌ನ ಪಾಲಿನ ಅರ್ಧಕ್ಕಿಂತ ಹೆಚ್ಚು ಹೋಗಲಾರದು, ಜಾರುವ ಚಕ್ರ ಅದನ್ನೂ ಮಿತಿಯಲ್ಲಿಡುತ್ತದೆ. ಲಾಕ್ ಆದಾಗ, ಒಂದು ಚಕ್ರ ಗಾಳಿಯಲ್ಲಿದ್ದು ಇನ್ನೊಂದು ಬಂಡೆಗೆ ಸಿಕ್ಕಿಕೊಂಡಿದ್ದರೆ, ಆಕ್ಸಲ್‌ಗೆ ಬಂದದ್ದೆಲ್ಲ ಒಂದೇ ಸರಳಿನ ಮೇಲೆ. ಬಂಡೆಗೆ ಗುದ್ದಿ ನಿಂತಾಗ ಆಕ್ಸಿಲರೇಟರ್ ತುಳಿಯಬಾರದು ಎನ್ನುವುದು ಇದಕ್ಕೇ. ಹಿಂದೆ ಸರಿದು ಬೇರೆ ಜಾಡು ಹಿಡಿಯಬೇಕು.

ಟಾರು ರಸ್ತೆ ಸಿಕ್ಕ ಕೂಡಲೇ ಲಾಕ್ ತೆಗೆಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದು ತಡವಾಯಿತು ಎಂಬುದು ನನ್ನ ಮತ. ಅಡಚಣೆ ದಾಟಿದ ಕೂಡಲೇ, ಇನ್ನೂ ಸಡಿಲ ಮಣ್ಣಿನ ಮೇಲಿರುವಾಗಲೇ ತೆಗೆಯಬೇಕು. ಕಾರಣ ಸರಳ: ಗಟ್ಟಿ ನೆಲದಲ್ಲಿ ಒಂದು ಸಣ್ಣ ತಿರುವು ತೆಗೆದರೂ ಎರಡು ಶಾಫ್ಟುಗಳ ನಡುವೆ ತಿರುಚು ಕೂಡಿಕೊಳ್ಳುತ್ತದೆ, ಹಲ್ಲುಗಳು ಒಂದಕ್ಕೊಂದು ಒತ್ತಿ ಹಿಡಿದುಬಿಡುತ್ತವೆ. ಗುಂಡಿ ಆಫ್ ಮಾಡಿದರೂ ಲಾಕ್ ಬಿಡುವುದಿಲ್ಲ, ದೀಪ ಮಿನುಗುತ್ತಲೇ ಇರುತ್ತದೆ. ಹೀಗಾದರೆ ಗುಂಡಿಯನ್ನು ಮತ್ತೆ ಮತ್ತೆ ಒತ್ತಿ ಉಪಯೋಗವಿಲ್ಲ. ಸ್ಟೀರಿಂಗ್ ನೇರ ಮಾಡಿ ಒಂದೆರಡು ಮೀಟರ್ ಹಿಂದಕ್ಕೆ ಹೋಗಿ ಮುಂದಕ್ಕೆ ಬಂದರೆ ತಿರುಚು ಇಳಿದು 'ಟಕ್' ಎಂದು ಬಿಡುತ್ತದೆ. ಲಾಕ್ ಇರುವಷ್ಟೂ ಹೊತ್ತು ಹಲವು ಗಾಡಿಗಳಲ್ಲಿ ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್‌ಗಳು ತಾವಾಗಿ ಬಂದ್ ಆಗಿರುತ್ತವೆ. ಆ ದೀಪಗಳೂ ಆರಿದವೇ ಎಂದು ನೋಡಿಕೊಂಡು ಹೊರಡಿ. ಗೂರ್ಖಾದಂಥ ಲಿವರಿನ ಗಾಡಿಯಾದರೆ ಸಮತಟ್ಟು ಜಾಗದಲ್ಲಿ ನಿಧಾನಕ್ಕೆ ಒಂದು ಅರ್ಧ ಸುತ್ತು ತೆಗೆದು ನೋಡುವುದು ವಾಸಿ. ಸ್ಟೀರಿಂಗ್ ಹಗುರವಾಗಿ ಮರಳಿ ಬಂದರೆ, ಹಿಂದಿನ ಟೈರಿನಿಂದ ಕಿರುಗುಟ್ಟುವ ಸದ್ದು ಬರದಿದ್ದರೆ, ಲಾಕ್ ಬಿಟ್ಟಿದೆ.